ನಳ ನಿಂತ ಮೇಲೆ ಪೈಪಿನೊಳಗೆ ನಡೆಯುವುದು

"ಇಪ್ಪತ್ನಾಲ್ಕು ತಾಸು ನೀರು ಬಿಟ್ರ ಮಂದಿ ಸುಮ್ನ ಚೆಲ್ಲಿ ಹಾಳು ಮಾಡ್ತಾರ." ಹುಬ್ಬಳ್ಳಿ-ಧಾರವಾಡದಲ್ಲಿ ನೀರಿನ ಮಾತು ಎದ್ದರೆ ಯಾರಾದರೂ ಒಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಉಳಿದವರು ಹೌದೌದು ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ.

ನಳ ಬರುವ ದಿನ ಯಾವುದಾದರೂ ಹಳೆಯ ಓಣಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ನೀರು ಬಂತು ಎಂಬ ಕೂಗು ಕೇಳುತ್ತಿದ್ದಂತೆ ಮೊದಲು ನಡೆಯುವ ಕೆಲಸವೇ ಚೆಲ್ಲುವುದು. ನಾಲ್ಕೈದು ದಿನದ ಹಿಂದೆ ಹಿಡಿದಿಟ್ಟಿದ್ದು ಕೊಡದಲ್ಲಿ, ಡ್ರಮ್ಮಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟೂ ಗಟಾರಕ್ಕೆ. ಯಾಕೆಂದರೆ ಅದು ಹಳೇ ನೀರು! ನಿನ್ನೆ ಸಂಜೆಯವರೆಗೆ ಅದನ್ನೇ ತಂಬಿಗೆ ತಂಬಿಗೆ ಲೆಕ್ಕ ಹಾಕಿ ಬಳಸಿದ್ದರು. ಮುಂದಿನ ಪಾಳಿ ಎಂದು ಬರುತ್ತದೋ ಎಂಬ ಹೆದರಿಕೆಯಿಂದ ಉಳಿಸಿಟ್ಟಿದ್ದು ಅದು. ಆಮೇಲೆ ಟಾಕಿ ತುಂಬಿ ರಸ್ತೆಗೆ ಹರಿದರೂ ಬಂದ್ ಮಾಡುವವರಿಲ್ಲ. ಎಷ್ಟೋ ನಳಗಳಿಗೆ ಬಂದ್ ಮಾಡಲು ಚಾವಿಯೇ ಇರುವುದಿಲ್ಲ. ನೀರು ಬರುವುದೇ ಎರಡು-ಮೂರು ತಾಸು ಅಂದಮೇಲೆ ಚಾವಿ ಯಾಕೆ ಬೇಕು, ಅಲ್ವಾ?

ಹೀಗೆ ಚೆಲ್ಲಿಹೋಗುವ ನೀರು ಸುಮ್ಮನೆ ಬಂದದ್ದಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಜಲಾಶಯ ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 634 ಮೀಟರ್. ಧಾರವಾಡ ಇರುವುದು 750 ಮೀಟರ್ ಆಸುಪಾಸಿನಲ್ಲಿ. ಅಂದರೆ ನದಿ ನಮ್ಮ ಮನೆಗೆ ಹರಿದು ಬರುವುದಿಲ್ಲ, ನೂರು ಮೀಟರಿಗೂ ಜಾಸ್ತಿ ಎತ್ತರಕ್ಕೆ ಹತ್ತಿಕೊಂಡು ಬರುತ್ತದೆ. ಹತ್ತಿಸುವ ಪಂಪುಗಳ ಕರೆಂಟ್ ಬಿಲ್ಲನ್ನು ನಾವೇ ಕಟ್ಟುತ್ತೇವೆ. ಮಳೆ ಕೈಕೊಟ್ಟ ವರ್ಷ ಊರಿನ ಇನ್ನೊಂದು ಆಸರೆಯಾದ ನೀರಸಾಗರ ತಳ ಕಂಡದ್ದೂ ಉಂಟು. ಅಮ್ಮಿನಬಾವಿಯ ನೀರು ಶುದ್ಧೀಕರಣ ಘಟಕದಲ್ಲಿ ಆಲಂ ಹಾಕಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುವ ಕಥೆ ಶಾಲೆಯ ಪುಸ್ತಕದಲ್ಲೇ ಇದೆ, ಅದನ್ನು ಬಿಡೋಣ. ಶುದ್ಧವಾದ ನೀರು ಘಟಕ ದಾಟಿದ ಮೇಲೆ ಪೈಪಿನೊಳಗೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸೈಕಲ್ ಪಂಕ್ಚರ್ ಅಂಗಡಿಯ ಬೋಗುಣಿ ನೆನಪಿಸಿಕೊಳ್ಳಿ. ಗಾಳಿ ತುಂಬಿದ ಟ್ಯೂಬನ್ನು ಆ ಕೆಸರು ನೀರಿನಲ್ಲಿ ಅದ್ದುತ್ತಾರೆ. ತೂತಿನಿಂದ ಗುಳುಗುಳು ಗುಳ್ಳೆ ಹೊರಗೆ ಬರುತ್ತದೆ, ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲ. ಈಗ ಟ್ಯೂಬಿನ ಗಾಳಿ ಬಿಟ್ಟು, ಒಮ್ಮೆ ಹಿಚುಕಿ, ನೀರಿನೊಳಗೇ ಕೈ ಸಡಿಲಿಸಿ. ಅದೇ ತೂತಿನಿಂದ ಕೆಸರು ಒಳಗೆ ನುಗ್ಗುತ್ತದೆ. ತೂತು ಬದಲಾಗಿಲ್ಲ, ಒತ್ತಡ ಬದಲಾಗಿದೆ. ಊರಿನ ನೀರಿನ ಪೈಪಿನ ಕಥೆ ಪೂರ್ತಿ ಇಷ್ಟೇ. ಬೋಗುಣಿಯ ಜಾಗದಲ್ಲಿ ಗಟಾರ ಇದೆ ಅಷ್ಟೇ. ನಮ್ಮ ಓಣಿಗಳಲ್ಲಿ ಮನೆಗೆ ಬರುವ ಅರ್ಧ ಇಂಚಿನ ಪೈಪು ಗಟಾರವನ್ನು ದಾಟಿಯೇ ಬರುತ್ತದೆ. ಎಷ್ಟೋ ಕಡೆ ಗಟಾರದೊಳಗೇ ಮಲಗಿರುತ್ತದೆ, ತುಕ್ಕು ಹಿಡಿದು, ಜಾಯಿಂಟಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಂಡು. ಪೈಪಿನಲ್ಲಿ ಒತ್ತಡ ಇರುವಷ್ಟು ಹೊತ್ತು ಅದು ಸೋರುತ್ತದೆ. ಸೋರುವುದು ನಷ್ಟ, ಆದರೆ ಕೊಳೆ ಒಳಗೆ ಬರುವುದಿಲ್ಲ. ವಾಲ್ವ್‌ಮ್ಯಾನ್ ಬಂದು ವಾಲ್ವ್ ತಿರುಗಿಸಿ ಹೋದ ಮೇಲೆ ಶುರುವಾಗುವುದು ನಿಜವಾದ ತಂಟೆ.

ವಾಲ್ವ್ ಬಂದ್ ಆದರೂ ತಗ್ಗಿನ ಮನೆಗಳ ನಳದಲ್ಲಿ ಸ್ವಲ್ಪ ಹೊತ್ತು ನೀರು ಬರುತ್ತಲೇ ಇರುತ್ತದೆ. ಆ ನೀರು ಮೇಲಿನ ಪೈಪು ಖಾಲಿಯಾಗುತ್ತ ಬರುವ ನೀರು. ಆಗ ದಿನ್ನೆಯ ಮೇಲಿನ ಮನೆಯವರು ನಳ ತೆರೆದಿಟ್ಟಿದ್ದರೆ ಸುಂಯ್ ಎಂದು ಗಾಳಿ ಒಳಗೆ ಹೋಗುವ ಸದ್ದು ಕೇಳಬಹುದು. ಆ ನಳಕ್ಕೆ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ ಅದರ ತುದಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದರೆ? ಗಾಳಿಯ ಬದಲು ಬಕೆಟ್ಟಿನ ನೀರು ಲೈನಿಗೆ ವಾಪಸ್ ಹೋಗುತ್ತದೆ. ಅದು ಎಮ್ಮೆ ಮೈ ತೊಳೆಯುವ ಬಕೆಟ್ ಆಗಿದ್ದರೂ ಭೌತಶಾಸ್ತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು, ಅದಕ್ಕೆ ಇಟಲಿಗೆ ಹೋಗಬೇಕು. ಪಂಪು ನೀರನ್ನು ಎಳೆಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. 17ನೇ ಶತಮಾನದಲ್ಲಿ ದೊಡ್ಡವರೂ ಹಾಗೇ ಅಂದುಕೊಂಡಿದ್ದರು. ಬಾವಿಯಿಂದ ಸುಮಾರು 10 ಮೀಟರಿಗಿಂತ ಮೇಲಕ್ಕೆ ಯಾವ ಪಂಪೂ ನೀರನ್ನು ಎಳೆಯಲಾರದು ಎಂಬುದು ಕೆಲಸಗಾರರಿಗೆ ಗೊತ್ತಿತ್ತು. ಗೆಲಿಲಿಯೋ ಕೂಡ ಇದನ್ನು ಬರೆದ. ಉದ್ದದ ಹಗ್ಗ ತನ್ನ ಭಾರಕ್ಕೆ ತಾನೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದು ವಿವರಣೆ ಕೊಟ್ಟ. ಅದು ತಪ್ಪಾಗಿತ್ತು. ಅವನ ಕೊನೆಯ ತಿಂಗಳುಗಳಲ್ಲಿ ಜೊತೆಗಿದ್ದ ತೊರಿಚೆಲ್ಲಿ 1643ರ ಹೊತ್ತಿಗೆ ನೀರಿನ ಬದಲು ಪಾದರಸ ಬಳಸಿ ಪ್ರಶ್ನೆಯನ್ನು ಬಿಡಿಸಿದ. ಮರುವರ್ಷ ಒಂದು ಪತ್ರದಲ್ಲಿ, ನಾವು ಗಾಳಿಯ ಸಾಗರದ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂದು ಬರೆದ. ಪಂಪು ಎಳೆಯುವುದಿಲ್ಲ. ಅದು ಪೈಪಿನೊಳಗೆ ಜಾಗ ಖಾಲಿ ಮಾಡುತ್ತದೆ, ಹೊರಗಿನ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತದೆ. ಗಾಳಿಗೆ ಇರುವ ಶಕ್ತಿ ಸಮುದ್ರಮಟ್ಟದಲ್ಲಿ 10 ಮೀಟರ್ ನೀರಿನ ಕಂಬದಷ್ಟು. ಧಾರವಾಡದ ಎತ್ತರದಲ್ಲಿ ಇನ್ನೂ ಕಡಿಮೆ, ಒಂಬತ್ತೂವರೆ ಮೀಟರ್ ಹತ್ತಿರ.

ತೊರಿಚೆಲ್ಲಿ 39ನೇ ವಯಸ್ಸಿಗೇ ಜ್ವರ ಬಂದು ತೀರಿಕೊಂಡ. ಅದು ಬಹುಶಃ ಟೈಫಾಯ್ಡ್. ಕೊಳೆ ನೀರಿನಿಂದ ಹರಡುವ ಕಾಯಿಲೆ!

ಈಗ ನಮ್ಮ ಓಣಿಗೆ ವಾಪಸ್ ಬರೋಣ. ನೀರು ಸಣ್ಣಗೆ ಬಂತೆಂದರೆ ಜನ ನಳಕ್ಕೆ ನೇರವಾಗಿ ಮೋಟರ್ ಹಚ್ಚುತ್ತಾರೆ. ಒಬ್ಬರು ಹಚ್ಚಿದರೆ ಪಕ್ಕದವರಿಗೆ ನೀರಿಲ್ಲ, ಅವರೂ ಹಚ್ಚುತ್ತಾರೆ. ತಮ್ಮ ಮೋಟರ್ ದೂರದ ಟ್ಯಾಂಕಿನಿಂದ ನೀರನ್ನು ಎಳೆದು ತರುತ್ತಿದೆ ಎಂಬ ನಂಬಿಕೆ ಅವರದ್ದು. ಆದರೆ ತೊರಿಚೆಲ್ಲಿ ಹೇಳಿದ್ದನ್ನು ಕೇಳಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮೋಟರ್ ಲೈನಿನಲ್ಲಿ ಜಾಗ ಖಾಲಿ ಮಾಡುತ್ತದೆ. ಆ ಜಾಗಕ್ಕೆ ಯಾವ ತೂತು ಹತ್ತಿರವೋ ಅಲ್ಲಿಂದ ಗಾಳಿ ತಳ್ಳುತ್ತದೆ. ಟ್ಯಾಂಕ್ ಇರುವುದು ಎರಡು ಕಿಲೋಮೀಟರ್ ಆಚೆ, ಗಟಾರದೊಳಗಿನ ಜಾಯಿಂಟ್ ಇರುವುದು ಎರಡು ಮೀಟರ್ ಈಚೆ. ಮೋಟರಿಗೆ ಬರುವ ನೀರಿನಲ್ಲಿ ಗಟಾರದ ಕೊಳೆಯೂ ಸ್ವಲ್ಪ ಸೇರಿರುತ್ತದೆ.

ಬರಗಾಲದಲ್ಲಿ ಮಳೆ ಬರಲೆಂದು ಗುರ್ಜಿ ಹೊತ್ತು ಮನೆಮನೆ ತಿರುಗುವವರನ್ನು, ಕಪ್ಪೆಗೆ ಮದುವೆ ಮಾಡುವವರನ್ನು ನೋಡಿ ಸುಶಿಕ್ಷಿತರು ನಗುತ್ತಾರೆ. ಗುರ್ಜಿಯ ತಲೆಯ ಮೇಲೆ ಸುರಿಯುವುದು ಒಂದು ತಂಬಿಗೆ ನೀರು, ಅದರಿಂದ ಯಾರಿಗೂ ಭೇದಿ ಆಗುವುದಿಲ್ಲ. ನಳಕ್ಕೆ ಮೋಟರ್ ಹಚ್ಚುವ ಮೂಢನಂಬಿಕೆಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಕಾಟವಲ್ಲ. 1933ರಲ್ಲಿ ಷಿಕಾಗೋದಲ್ಲಿ ವಿಶ್ವ ಮೇಳ ನಡೆದಾಗ ಎರಡು ಹೋಟೆಲುಗಳಲ್ಲಿ ತಂಗಿದವರಿಗೆ ಅಮೀಬಾ ಭೇದಿ ಹತ್ತಿತು. ಸುಮಾರು 1,400 ಜನ ಹಾಸಿಗೆ ಹಿಡಿದರು, 98 ಜನ ಸತ್ತರು. ಅಲ್ಲಿ ಘಟಕದ ಶುದ್ಧೀಕರಣದಲ್ಲಿ ದೋಷವಿರಲಿಲ್ಲ. ಹೋಟೆಲಿನೊಳಗಿನ ಕೆಟ್ಟ ಪ್ಲಂಬಿಂಗ್‌ನಿಂದ ಕೊಳಚೆ ಕುಡಿಯುವ ನೀರಿಗೆ ಸೇರಿತ್ತು. ಅಮೆರಿಕದ ಅಷ್ಟು ಶ್ರೀಮಂತ ಊರಿನಲ್ಲಿ!

ಒತ್ತಡ ಎಂದೂ ಇಳಿಯದಂತೆ ನೋಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ದಿನದ 24 ತಾಸೂ ನೀರು ಬಿಡತೊಡಗಿದರು. ಹಳೇ ಪೈಪುಗಳನ್ನು ಕಿತ್ತು ಹೊಸದು ಹಾಕಿದರು, ಪ್ರತಿ ಮನೆಗೂ ಮೀಟರ್ ಕೂರಿಸಿದರು. ಒಂದೇ ಊರು, ಒಂದೇ ನದಿ. ಒಂದು ಓಣಿಗೆ ಸದಾ ನೀರು, ಪಕ್ಕದ ಓಣಿಗೆ ಕೆಲವು ದಿನಕ್ಕೊಮ್ಮೆ. ವಿಜ್ಞಾನಿಗಳಿಗೆ ಇಂಥ ಹೋಲಿಕೆ ಸಿಗುವುದು ಅಪರೂಪ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಂದು ಎರಡೂ ಕಡೆ ನಳದ ನೀರು ಹಿಡಿದು ಪರೀಕ್ಷೆ ಮಾಡಿದರು. ಮಲದ ಗುರುತಾದ ಇ. ಕೋಲೈ ಬ್ಯಾಕ್ಟೀರಿಯಾ 24 ತಾಸು ನೀರು ಬರುವ ನಳಗಳಲ್ಲಿ ಸಿಕ್ಕಿದ್ದು 100ಕ್ಕೆ ಒಂದು ಮಾದರಿಗಿಂತಲೂ ಕಡಿಮೆ. ಬಿಟ್ಟು ಬಿಟ್ಟು ಬರುವ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಂದರಲ್ಲಿ ಸಿಕ್ಕಿತು.

ಆ ಹೋಲಿಕೆ ಮೊದಲ ಸಲ ಓದಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ತಂಡದವರು ಸುಮಾರು 4 ಸಾವಿರ ಮನೆಗಳಲ್ಲಿ ಮಕ್ಕಳ ಆರೋಗ್ಯ ವಿಚಾರಿಸಿದರು. ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ! ರಕ್ತಭೇದಿ ಬಡವರ ಮನೆಗಳಲ್ಲಿ ಕಡಿಮೆಯಾಗಿತ್ತು, ಟೈಫಾಯ್ಡ್ ಬಂತೆಂದು ಹೇಳಿದ ಮನೆಗಳೂ ಕಡಿಮೆ. ಭೇದಿಗೆ ನೀರೊಂದೇ ದಾರಿಯಲ್ಲ; ಕೈ, ನೊಣ, ಊಟ, ಅಂಗಳ ಎಲ್ಲವೂ ದಾರಿಗಳೇ. ಇನ್ನೊಂದು ಕಾರಣವೂ ಇದೆ. ನಳದಲ್ಲಿ ಯಾವಾಗಲೂ ನೀರಿದ್ದರೂ ಕುಡಿಯುವ ನೀರನ್ನು ಕೊಡದಲ್ಲಿ ತುಂಬಿಡುವ ರೂಢಿಯನ್ನು ಬಹಳ ಮನೆಗಳು ಬಿಟ್ಟಿರಲಿಲ್ಲ. ನಳದಲ್ಲಿ ಶುದ್ಧವಾಗಿ ಬಂದ ನೀರು ಕೊಡದಲ್ಲಿ ಕೂತು ಕೈ ಮುಳುಗಿಸಿಕೊಳ್ಳುತ್ತದೆ. ಅದರಲ್ಲಿ ಉಳಿದಿದ್ದ ಕ್ಲೋರಿನ್ ಹಾರಿಹೋಗುತ್ತದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ನಳದವರೆಗೂ ಉಳಿದಿರಬೇಕು ಎಂಬುದು ನಮ್ಮ ದೇಶದ ಮಾನದಂಡ. ಕೊಡದೊಳಗೆ ಅದು ಎಷ್ಟು ದಿನ ಇರಬೇಕು ಎಂದು ಯಾವ ಮಾನದಂಡವೂ ಕೇಳುವುದಿಲ್ಲ.

ಇನ್ನು ಚೆಲ್ಲುವ ವಿಷಯ. ಸದಾ ನೀರಿದ್ದರೆ ಜನ ಕಡಿಮೆ ಬಳಸುತ್ತಾರೆ ಎಂದು ನಾನೇನೂ ಭರವಸೆ ಕೊಡುವುದಿಲ್ಲ. ಎರಡು ಕೊಡದಲ್ಲಿ ದಿನ ದೂಡುತ್ತಿದ್ದ ಮನೆ ನಾಲ್ಕು ಕೊಡ ಬಳಸಿದರೆ ಅದು ಪೋಲೂ ಅಲ್ಲ. ಆದರೆ ಪೈಪಿನ ಸೋರಿಕೆ ಬೇರೆ ಲೆಕ್ಕ. ಇದಕ್ಕೂ ತೊರಿಚೆಲ್ಲಿಯೇ ಬೇಕು. ತೂತಿನಿಂದ ನೀರು ಚಿಮ್ಮುವ ವೇಗ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಎಂದು ತೋರಿಸಿದವನೂ ಅವನೇ. ಒತ್ತಡ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು. 20 ಮೀಟರ್ ನೀರಿನ ಕಂಬದಷ್ಟು ಒತ್ತಡ ಇರುವ ಪೈಪಿನಲ್ಲಿ 3 ಮಿಲಿಮೀಟರ್ ಅಗಲದ ಒಂದು ತೂತಿದ್ದರೆ ದಿನಕ್ಕೆ 7 ಸಾವಿರ ಲೀಟರ್ ಹೋಗುತ್ತದೆ, ಒಂದು ದೊಡ್ಡ ಟ್ಯಾಂಕರ್ ಲೋಡು. ಹಳೇ ಪೈಪಿಗೆ ಸುಮ್ಮನೆ 24 ತಾಸು ನೀರು ಬಿಟ್ಟರೆ ಸೋರುವುದೂ 24 ತಾಸು. ಹಾಗಾಗಿ ಪೈಪು ಬದಲಿಸದೆ, ಮೀಟರ್ ಹಾಕದೆ "ಸದಾ ನೀರು" ಎಂದು ಚುನಾವಣೆಯಲ್ಲಿ ಹೇಳುವವರನ್ನೂ ನಂಬಬೇಡಿ. ಅವಳಿ ನಗರದ ಎಲ್ಲ ವಾರ್ಡಿಗೂ ಇದನ್ನು ಹಬ್ಬಿಸುವುದು ಇಷ್ಟು ವರ್ಷ ಎಳೆದಿರುವುದೂ ಅದಕ್ಕೇ. ನೆಲ ಅಗೆಯಬೇಕು, ಹಳೇ ಜಾಯಿಂಟು ಹುಡುಕಬೇಕು, ಬಿಲ್ಲಿನ ಜಗಳ ಬೇರೆ.

ಸೋರಿಕೆ ಹುಡುಕುವುದೂ ಸದಾ ಒತ್ತಡ ಇರುವ ಲೈನಿನಲ್ಲೇ ಸುಲಭ. ನಡುರಾತ್ರಿ ಎರಡು ಗಂಟೆಗೆ ಎಲ್ಲರೂ ಮಲಗಿದ್ದಾಗ ಓಣಿಯ ಮುಖ್ಯ ಮೀಟರ್ ಓಡುತ್ತಿದ್ದರೆ ಆ ನೀರು ಹೆಚ್ಚಾಗಿ ತೂತಿಗೇ ಹೋಗುತ್ತಿದೆ ಎಂದರ್ಥ. ಬಿಟ್ಟು ಬಿಟ್ಟು ನೀರು ಬರುವ ಓಣಿಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಅಲ್ಲಿ ನೀರು ಬಂದ ತಾಸಿನಲ್ಲಿ ಎಲ್ಲರ ನಳವೂ ತೆರೆದಿರುತ್ತದೆ. ಮೀಟರಿದ್ದರೂ ನೀರಿಗಿಂತ ಮುಂಚೆ ಬರುವ ಗಾಳಿಗೇ ಅದು ಗರಗರ ತಿರುಗುತ್ತದೆ.

ಸದಾ ನೀರು ಬರುವವರೆಗೆ ನಮ್ಮ ಕೈಯಲ್ಲಿ ಇರುವಷ್ಟು ಮಾಡಬಹುದು. ನಳ ಬಂದ ಮೊದಲ ಕೆಲವು ನಿಮಿಷದ ನೀರು ಪೈಪಿನೊಳಗೆ ಸೇರಿದ್ದನ್ನೆಲ್ಲ ತೊಳೆದುಕೊಂಡು ಬರುತ್ತದೆ. ಅದನ್ನು ಗಿಡಕ್ಕೆ, ಅಂಗಳಕ್ಕೆ ಹಿಡಿಯಿರಿ, ಕುಡಿಯುವ ಕೊಡಕ್ಕೆ ಬೇಡ. ಉಳಿದ ಹಳೇ ನೀರನ್ನು ಗಟಾರಕ್ಕೆ ಚೆಲ್ಲಬೇಡಿ, ಬಟ್ಟೆಗೋ ಸಂಡಾಸಕ್ಕೋ ಆಗುತ್ತದೆ. ಕುಡಿಯುವ ನೀರಿಗೆ ಕೆಳಗೆ ನಳ ಇರುವ ಪಾತ್ರೆ ಇಡಿ, ಇಲ್ಲವೇ ಉದ್ದ ಹಿಡಿಕೆಯ ಸೌಟು ಬಳಸಿ. ಬೆರಳು ಮುಳುಗದಿದ್ದರೆ ಸಾಕು. ಮೋಟರ್ ಬೇಕೇ ಬೇಕೆಂದರೆ ಲೈನಿನ ನೀರು ತಾನಾಗಿಯೇ ನೆಲದ ಟಾಕಿಗೆ ಬೀಳಲಿ, ಅಲ್ಲಿಂದ ಮೋಟರ್ ಮೇಲಕ್ಕೆ ಎತ್ತಲಿ. ಟಾಕಿಗೆ ಬರುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರಬಾರದು. ಟಾಕಿ ತುಂಬಿದಾಗಲೂ ನೀರಿಗೂ ಪೈಪಿನ ಬಾಯಿಗೂ ನಡುವೆ ಪೈಪಿನ ಅಗಲದ ಎರಡು ಪಟ್ಟಾದರೂ ಗಾಳಿಯ ಅಂತರ ಇರಲಿ. ಅರ್ಧ ಇಂಚಿನ ಪೈಪಾದರೆ ಒಂದು ಇಂಚು.