ಯಾವ ಎಂಡಿಎಸ್? ಯಾರು ಕರೆಸುತ್ತಾರೆ?

"ಬಿಡಿಎಸ್‌ಗೆ ಈಗ ಬೆಲೆ ಇಲ್ಲವಂತೆ ಸಾರ್, ಎಂಡಿಎಸ್ ಮಾಡಿಸಿಬಿಡೋಣ ಅಂತಿದೀವಿ." ಬಿಡಿಎಸ್ ಅಂದರೆ ಹಲ್ಲಿನ ಡಾಕ್ಟರ್ ಪದವಿ, ಎಂಡಿಎಸ್ ಅದರ ಮೇಲಿನ ಸ್ನಾತಕೋತ್ತರ ಓದು. ಮಕ್ಕಳ ಬಿಡಿಎಸ್ ಇಂಟರ್ನ್‌ಶಿಪ್ ಮುಗಿಯುತ್ತಾ ಬಂದ ಹಾಗೆ ಅಪ್ಪ ಅಮ್ಮಂದಿರು ಈ ಮಾತು ಹಿಡಿದುಕೊಂಡು ನನ್ನ ಕ್ಲಿನಿಕ್‌ಗೆ ಬರುತ್ತಾರೆ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜು ಇವೆ, ಹಾಗಾಗಿ ಇಂಥವರಿಗೆ ಬರವಿಲ್ಲ. ಯಾವ ಎಂಡಿಎಸ್ ಅಂತ ಕೇಳಿದರೆ ನನ್ನ ಮುಖ ನೋಡುತ್ತಾರೆ. "ಎಂಡಿಎಸ್ ಅಂದ್ರೆ ಎಂಡಿಎಸ್ ಅಲ್ವಾ ಸಾರ್?"

ಅಲ್ಲ. ಎಂಡಿಎಸ್‌ನಲ್ಲಿ 9 ವಿಭಾಗಗಳಿವೆ. ಎಲ್ಲದಕ್ಕೂ 3 ವರ್ಷ ಓದು, ಬೋರ್ಡಿನ ಮೇಲೆ ಬರೆಸುವ ಅಕ್ಷರಗಳೂ ಅವೇ. ಆದರೆ ಓದಿದ ಮೇಲೆ ಕೆಲಸ ಕೊಡುವವರು ಬೇರೆ ಬೇರೆ. ಒಂದಷ್ಟು ವಿಭಾಗದವರಿಗೆ ಕೆಲಸ ಕೊಡುವುದು ಊರೂರಿನ ಕ್ಲಿನಿಕ್‌ಗಳು. ಇನ್ನೊಂದಷ್ಟು ವಿಭಾಗದವರಿಗೆ ಕೆಲಸ ಕೊಡುವುದು ಕಾಲೇಜು, ಹೆಚ್ಚುಕಡಿಮೆ ಕಾಲೇಜು ಮಾತ್ರ.

ಆರ್ಥೊ, ಅಂದರೆ ವಕ್ರ ಹಲ್ಲು ಸರಿ ಮಾಡುವ ವಿಭಾಗ ತೆಗೆದುಕೊಳ್ಳಿ. ಹರಿಹರದಲ್ಲೋ ಹೊನ್ನಾಳಿಯಲ್ಲೋ ಕ್ಲಿನಿಕ್ ಇಟ್ಟ ಬಿಡಿಎಸ್ ಡಾಕ್ಟರಿಗೆ ಹಲ್ಲಿನ ಕ್ಲಿಪ್‌ನ ಕೇಸ್ ಬಂದರೆ ಆರ್ಥೊದವರನ್ನು ಕರೆಸುತ್ತಾರೆ. ಬಂದ ಹಣದಲ್ಲಿ ಪರ್ಸೆಂಟೇಜ್ ಲೆಕ್ಕ. ಒಂದು ಕೇಸ್ ಅಂದರೆ ಒಂದೂವರೆ, ಎರಡು ವರ್ಷ, ತಿಂಗಳಿಗೊಮ್ಮೆ ತಂತಿ ಬದಲಾಯಿಸಬೇಕು, ಬಿಗಿ ಮಾಡಬೇಕು. ಅಂದರೆ ಆ ಊರಿಗೆ ತಿಂಗಳಿಗೊಂದು ಭೇಟಿ ಖಾಯಂ. ಇಂಥ ನಾಲ್ಕಾರು ಕ್ಲಿನಿಕ್ ಹಿಡಿದವರ ಬ್ಯಾಗ್ ನೋಡಬೇಕು ನೀವು. ಬ್ರ್ಯಾಕೆಟ್‌ಗಳ ಡಬ್ಬಿ, ಅಳತೆವಾರು ತಂತಿ, ಬಣ್ಣಬಣ್ಣದ ಪುಟ್ಟ ರಬ್ಬರ್ ರಿಂಗು, ನಾಲ್ಕೈದು ಬಗೆಯ ಪ್ಲೈಯರ್, ಜೊತೆಗೆ ಒಂದು ಊಟದ ಡಬ್ಬಿ. ಭಾನುವಾರ ಬೆಳಿಗ್ಗೆಯೇ ಬಸ್ ಹತ್ತಿರುತ್ತಾರೆ.

ರೂಟ್ ಕೆನಾಲ್ (ಎಂಡೊ) ಕಲಿತವರದ್ದೂ ಇದೇ ಕಥೆ. "ನಾಳೆ ಎರಡು ಆರ್‌ಸಿಟಿ ಇವೆ, ಬರ್ತೀರಾ?" ಅಂತ ರಾತ್ರಿ ವಾಟ್ಸಾಪ್ ಬರುತ್ತದೆ. ಅಡ್ಡ ಬೆಳೆದ ಬುದ್ಧಿಹಲ್ಲು ಸಿಕ್ಕರೆ ಓರಲ್ ಸರ್ಜನ್‌ಗೆ ಫೋನ್. ಮಕ್ಕಳ ಹಲ್ಲಿನವರನ್ನು, ವಸಡಿನವರನ್ನು ನಮ್ಮ ತಾಲೂಕುಗಳಲ್ಲಿ ಕರೆಸುವುದು ಕಡಿಮೆ.

ಇನ್ನು ಓರಲ್ ಪ್ಯಾಥಾಲಜಿ. ಸೂಕ್ಷ್ಮದರ್ಶಕದ ಮುಂದೆ ಕೂತು ಬಾಯಿಯ ಗಡ್ಡೆ, ಹುಣ್ಣು ಏನೆಂದು ಹೇಳುವ ವಿದ್ಯೆ. ಗುಟ್ಕಾ, ಎಲೆಅಡಿಕೆ ಇಷ್ಟು ಜಾಸ್ತಿ ಇರುವ ನಮ್ಮ ಕಡೆ ಅದು ಸಣ್ಣ ವಿದ್ಯೆಯಲ್ಲ. ಆದರೆ ಚನ್ನಗಿರಿಯ ಕ್ಲಿನಿಕ್‌ನವರು ಓರಲ್ ಪ್ಯಾಥಾಲಜಿಸ್ಟ್ ಬರಲಿ ಅಂತ ಯಾವತ್ತೂ ಫೋನ್ ಮಾಡುವುದಿಲ್ಲ. ಸಂಶಯ ಬಂದರೆ ರೋಗಿಯನ್ನೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಬಯಾಪ್ಸಿ ಅಲ್ಲಿನ ಲ್ಯಾಬ್‌ನಲ್ಲೇ ಮುಗಿಯುತ್ತದೆ. ಉಳಿಯುವುದು ಪಾಠ ಹೇಳುವ ಕೆಲಸ. ಆ ಹುದ್ದೆಗಳು ಕಾಲೇಜಿನ ಸೀಟುಗಳ ಲೆಕ್ಕದ ಮೇಲೆ ನಿಂತಿವೆ. ಜನಸಮುದಾಯದ ಹಲ್ಲಿನ ಆರೋಗ್ಯ ನೋಡುವ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿಯದ್ದೂ ಬಹುಮಟ್ಟಿಗೆ ಹೀಗೇ.

ಇಲ್ಲೊಂದು ಸಿಕ್ಕು ಇದೆ. ಎಂಡಿಎಸ್‌ಗೆ ಸೇರಲು ಬರೆಯುವ ನೀಟ್ ಎಂಡಿಎಸ್ ಪರೀಕ್ಷೆ ಆದ ಮೇಲೆ ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ರ‍್ಯಾಂಕ್ ಚೆನ್ನಾಗಿದ್ದವರು ಆರ್ಥೊ, ಎಂಡೊ, ಸರ್ಜರಿ ಎತ್ತಿಕೊಂಡು ಹೋಗುತ್ತಾರೆ. ಕೊನೆಗೆ ಖಾಲಿ ಉಳಿಯುವುದು ಕ್ಲಿನಿಕ್‌ಗಳು ಕರೆಸದ ವಿಭಾಗಗಳೇ. ಸೀಟು ತುಂಬದೆ ಅರ್ಹತೆಯ ಪರ್ಸೆಂಟೈಲ್ ಇಳಿಸಿದ್ದೂ ಉಂಟು. ಆಗ "ಸೀಟು ಸುಲಭವಾಗಿ ಸಿಕ್ತು ಸಾರ್" ಅಂತ ಖುಷಿಯಿಂದ ಫೋನ್ ಮಾಡುತ್ತಾರೆ. ಯಾಕೆ ಸುಲಭವಾಗಿ ಸಿಕ್ಕಿತು ಅಂತ ಯಾರೂ ಕೇಳುವುದಿಲ್ಲ.

ಹರಪನಹಳ್ಳಿ ಕಡೆಯ ಒಬ್ಬ ಯಜಮಾನರು ಹೊಲ ಅಡ ಇಟ್ಟು ಮಗಳಿಗೆ ಇಂಥ ಒಂದು ಸೀಟು ಹಿಡಿಯಲು ಹೊರಟಿದ್ದರು. ಹುಡುಗಿ ಪಕ್ಕದಲ್ಲೇ ಸುಮ್ನೆ ಕೂತಿದ್ದಳು. ನಿನಗೆ ಏನಮ್ಮಾ ಇಷ್ಟ ಅಂದೆ. "ಹಲ್ಲು ಕೀಳೋದು, ಸೆಟ್ ಮಾಡೋದು ಚೆನ್ನಾಗಿ ಬರುತ್ತೆ ಸಾರ್. ಅಪ್ಪಾಜಿಗೆ ಬೋರ್ಡ್‌ನಲ್ಲಿ ಎಂಡಿಎಸ್ ಇರಬೇಕಂತೆ." ಯಜಮಾನರು ನಕ್ಕುಬಿಟ್ಟರು, ನನಗೆ ಮಾತ್ರ ನಗು ಬರಲಿಲ್ಲ. ಹಲ್ಲು ಸೆಟ್ ಚೆನ್ನಾಗಿ ಕೂರಿಸುವ ಬಿಡಿಎಸ್ ಡಾಕ್ಟರಿಗೆ ತಾಲೂಕಿನಲ್ಲಿ ಅನ್ನಕ್ಕೆ ಕೊರತೆ ಬಂದದ್ದನ್ನು ನಾನು ಕಂಡಿಲ್ಲ. ಕ್ಲಿನಿಕ್ ನೆಲೆಗೊಳ್ಳಲು ಕೆಲವು ವರ್ಷ ಹಿಡಿಯುತ್ತದೆ, ಅದು ಬೇರೆ ಮಾತು. ಎಂಡಿಎಸ್ ಓದುವ ಆ 3 ವರ್ಷವೂ ನೆಲೆಗೊಳ್ಳುವುದಕ್ಕೇ ಸಿಗುತ್ತಿತ್ತಲ್ಲ.

ನಾನು ಹೇಳುತ್ತಿರುವುದು ದಾವಣಗೆರೆ ಸುತ್ತಮುತ್ತ ಕಂಡದ್ದು. ಬೆಂಗಳೂರು, ಮಂಗಳೂರಿನ ಲೆಕ್ಕ ಬೇರೆ ಇರಬಹುದು. ಸೂಕ್ಷ್ಮದರ್ಶಕ ನಿಜಕ್ಕೂ ಇಷ್ಟ, ಪಾಠ ಹೇಳುವುದು ಇಷ್ಟ ಅನ್ನುವ ಮಕ್ಕಳಿದ್ದಾರೆ, ಅವರನ್ನು ತಡೆಯಬೇಡಿ. ಪ್ಯಾಥಾಲಜಿ ಓದಿದವರು ಸಾಮಾನ್ಯ ಕ್ಲಿನಿಕ್ ಇಡಬಾರದು ಅಂತಲೂ ಇಲ್ಲ, ಬಹಳ ಮಂದಿ ಇಟ್ಟಿದ್ದಾರೆ. ಆದರೆ ಆಗ ಅವರು ಮಾಡುವುದು ಬಿಡಿಎಸ್‌ನಲ್ಲಿ ಕಲಿತ ಕೆಲಸವನ್ನೇ.

ಸರ್ಕಾರಿ ಕೆಲಸದ ಬಗ್ಗೆಯೂ ಕೇಳುತ್ತಾರೆ. ಹುದ್ದೆ ಕಡಿಮೆ, ಅರ್ಜಿ ಜಾಸ್ತಿ. ಕರೆದಾಗ ಅರ್ಜಿ ಹಾಕಿ, ಅದನ್ನೇ ನಂಬಿ ಕೂರಬೇಡಿ.

ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ತುಂಬುವ ಮೊದಲು ಮಕ್ಕಳನ್ನು ಕರೆದುಕೊಂಡು ನಾಲ್ಕು ತಾಲೂಕು ಕ್ಲಿನಿಕ್ ಸುತ್ತಿ ಬನ್ನಿ. ಹೋದ ತಿಂಗಳು ಹೊರಗಿನಿಂದ ಯಾರನ್ನು ಕರೆಸಿದ್ರಿ, ಎಷ್ಟು ಸಲ ಅಂತ ಕೇಳಿ. ಮಧ್ಯಾಹ್ನ ಹೋದರೆ ಒಳ್ಳೆಯದು, ಆ ಹೊತ್ತಿಗೆ ಪೇಷೆಂಟ್‌ಗಳು ಕಡಿಮೆ, ಡಾಕ್ಟರು ಬಿಡುವಾಗಿ ಮಾತಾಡುತ್ತಾರೆ.