ರಿಂಗ್ ಹತ್ತು ಅಡಿ, ನಮ್ ಹುಡುಗ್ರು ಐದೂಮುಕ್ಕಾಲು

ಬ್ಯಾಸ್ಕೆಟ್‌ಬಾಲ್ ಮ್ಯಾಚು. ಎದುರು ಟೀಮಿನವರು ಶಾಟ್ ಹಾಕಿದ್ರು, ಮಿಸ್ ಆಯ್ತು, ಅವರೇ ಹಿಡ್ಕೊಂಡ್ರು, ಮತ್ತೆ ಹಾಕಿದ್ರು, ಮತ್ತೆ ಮಿಸ್, ಮತ್ತೆ ಅವರೇ ಹಿಡ್ಕೊಂಡ್ರು, ಮೂರನೇ ಸಲ ಒಳಗೆ ಬಿತ್ತು. ಅಷ್ಟೊತ್ತೂ ನಮ್ ಐದು ಜನ ರಿಂಗ್ ಕೆಳಗೆ ನಿಂತು ಗಾಳಿಪಟ ನೋಡೋ ಮಕ್ಕಳ ತರ ಕತ್ತೆತ್ತಿ ನೋಡ್ತಾನೇ ಇದ್ರು. ಇಂಥದ್ದು ಒಂದು ಮ್ಯಾಚಲ್ಲಿ ಒಂದು ಸಲ ಆದ್ರೆ ನಗಬಹುದು, ಐದು ನಿಮಿಷಕ್ಕೊಂದು ಸಲ ಆದ್ರೆ ಏನ್ ಮಾಡೋದು ಹೇಳಿ.

ನಾನು ಕೋಚ್ ಅಲ್ಲ, ದಾವಣಗೆರೆಲಿ ಒಂದು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ, ಸಂಜೆ ಹೊತ್ತು ನಮ್ ಪಿಡಿ ಸರ್ (ಆಟ ಆಡಿಸೋ ಮೇಷ್ಟ್ರು) ಜೊತೆ ಗ್ರೌಂಡಲ್ಲಿ ಕೂತು ಟೀ ಕುಡಿಯೋದು ಅಭ್ಯಾಸ, ಹಂಗೆ ಈ ಟೀಮು ತಲೆಗೆ ಹತ್ಕೊಳ್ತು. ನಮ್ಮಲ್ಲಿ ಎಲ್ಲರಿಗಿಂತ ಉದ್ದ ಇರೋನೇ 5 ಅಡಿ 10 ಇಂಚು, ಅವನನ್ನೇ ಸೆಂಟರ್ (ರಿಂಗ್ ಹತ್ರ ಆಡೋ ಉದ್ದನೆ ಆಟಗಾರ) ಅಂತ ಕರೀತೀವಿ, ಬೇರೆ ಕಾಲೇಜಲ್ಲಿ ಆಗಿದ್ರೆ ಅವನು ಗಾರ್ಡ್, ಹೊರಗೆ ನಿಂತು ಚೆಂಡು ಆಡಿಸೋನು. ಸೋತು ಬಂದಾಗೆಲ್ಲ ಒಂದೇ ಮಾತು, "ಹೈಟ್ ಇಲ್ಲ ಸರ್, ಏನ್ ಮಾಡೋಣ?" ಮೊದಮೊದಲು ನಾನೂ ಹೌದಪ್ಪ ಅಂತಿದ್ದೆ. ಆಮೇಲೆ ಒಂದಿನ ಪೇಪರ್ ಪೆನ್ನು ತಗೊಂಡು ಲೆಕ್ಕ ಹಾಕಿದೆ, ಈ ಹೈಟ್ ಅನ್ನೋದು ನಿಜವಾಗ್ಲೂ ಎಷ್ಟು ಲಾಭ ಕೊಡುತ್ತೆ ಅಂತ.

ರಿಂಗ್ ಇರೋದು 10 ಅಡಿ, ಅಂದ್ರೆ 3.05 ಮೀಟರ್ ಎತ್ತರದಲ್ಲಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿನ ಜಿಮ್ ಬಾಲ್ಕನಿ ಕಟಕಟೆಗೆ ಹೊಡೆದ್ರಂತೆ, ಆ ಕಟಕಟೆ ಹತ್ತು ಅಡಿ ಮೇಲಿತ್ತು, ಅಷ್ಟೇ ಕಾರಣ, ಅವತ್ತಿಂದ ಇವತ್ತಿನವರೆಗೂ ಅದೇ ಲೆಕ್ಕ. ಈಗ 6 ಅಡಿ 4 ಇಂಚಿನ ಒಬ್ಬ ಹುಡುಗ ಕೈ ಎತ್ತಿ ನಿಂತ್ರೆ ಸುಮಾರು 2.5 ಮೀಟರ್ ಮುಟ್ತಾನೆ, ನಮ್ಮ 5 ಅಡಿ 8 ಇಂಚಿನವನು ಸುಮಾರು 2.25. ಉದ್ದ ಇರೋನು 40 ಸೆಂಟಿಮೀಟರ್ ಹಾರ್ತಾನೆ, ನಮ್ಮೋನು ಸ್ವಲ್ಪ ಚುರುಕು, 50 ಹಾರ್ತಾನೆ ಅಂತಿಟ್ಕೊಳ್ಳಿ. ಅವನ ಕೈ 2.9 ಮೀಟರಲ್ಲಿ, ನಮ್ಮವನ ಕೈ 2.75ರಲ್ಲಿ. ವ್ಯತ್ಯಾಸ 15 ಸೆಂಟಿಮೀಟರ್, ಒಂದು ಗೇಣಿಗಿಂತ ಕಮ್ಮಿ.

ಇನ್ನು ಚೆಂಡಿನ ಕಥೆ. ರಿಂಗಿಗೆ ತಾಗಿದ ಚೆಂಡು ಮೇಲಕ್ಕೆ ಪುಟಿದು ಸುಮಾರು 3.6 ಮೀಟರ್ ತನಕ ಹೋಗಿ ಕೆಳಗೆ ಬೀಳ್ತಿದೆ ಅಂತ ತಗೊಂಡ್ರೆ, 2.9 ಮೀಟರ್ ಹತ್ರ ಬರೋ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 3.7 ಮೀಟರ್. ಆ ವೇಗದಲ್ಲಿ 15 ಸೆಂಟಿಮೀಟರ್ ಇಳಿಯೋಕೆ ಬೇಕಾಗೋದು 0.04 ಸೆಕೆಂಡು. ಅಂದ್ರೆ ಉದ್ದ ಇರೋನಿಗೆ ಚೆಂಡು ನಮ್ಮವನಿಗಿಂತ ಮೊದಲು ಸಿಗೋದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಷ್ಟು ಮುಂಚೆ. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು!

ಈಗ ಇನ್ನೊಂದು ಲೆಕ್ಕ. ಚೆಂಡು ಬೀಳೋ ಜಾಗದಿಂದ ಒಬ್ಬ ಒಂದು ಮೀಟರ್ ದೂರ ಇದ್ದಾನೆ. ನಿಂತಲ್ಲಿಂದ ಹೊರಟು ಒಂದು ಮೀಟರ್ ಮುಂದೆ ಹೋಗೋಕೆ ಎಂಥ ಆಟಗಾರನಿಗೂ ಅರ್ಧ ಸೆಕೆಂಡ್ ಆಸುಪಾಸು ಬೇಕೇ ಬೇಕು, ಅದರ ಮೇಲೆ ಕಣ್ಣು ನೋಡಿ ಮೆದುಳು ಹೇಳಿ ಕಾಲು ಅಲ್ಲಾಡೋ ಹೊತ್ತಿಗೆ ಇನ್ನೊಂದು 0.2 ಸೆಕೆಂಡ್ ಖರ್ಚು. ಹಂಗಾದ್ರೆ ಒಂದು ಮೀಟರ್ ಜಾಗ ಅಂದ್ರೆ 0.7 ಸೆಕೆಂಡು, ಆ 15 ಸೆಂಟಿಮೀಟರ್ ಹೈಟ್ ಅಂದ್ರೆ 0.04 ಸೆಕೆಂಡು. ಒಂದಕ್ಕೊಂದು ಹೋಲಿಕೆನೇ ಇಲ್ಲ. ಬೋರ್ಡ್ ಮೇಲೆ ಇದನ್ನ ಬರೆದು ತೋರಿಸಿದಾಗ ನಮ್ ಹುಡುಗ್ರು ನಂಬಲಿಲ್ಲ, ಫಿಸಿಕ್ಸ್ ಮೇಷ್ಟ್ರು ಹಿಂಗೇ ಏನೋ ಹೇಳ್ತಾರೆ ಅನ್ನೋ ಮುಖ ಮಾಡಿದ್ರು.

ಸುಳ್ಳು ಹೇಳಬಾರದು, ಇದರಲ್ಲಿ ಒಂದು ಕೊಕ್ಕೆ ಇದೆ. ಇಬ್ಬರೂ ಒಂದೇ ಜಾಗದಲ್ಲಿ ನಿಂತು ಒಟ್ಟಿಗೆ ಹಾರಿದ್ರೆ ಆ 0.04 ಸೆಕೆಂಡೇ ಸಾಕು, ಪ್ರತಿ ಸಲ ಉದ್ದ ಇರೋನೇ ಗೆಲ್ತಾನೆ. ಜಗಳ ಮೇಲಕ್ಕೆ ಹೋಯ್ತು ಅಂದ್ರೆ ನಮ್ ಕಥೆ ಮುಗೀತು. ಹಂಗಾಗಿ ಜಗಳ ಮೇಲೆ ಹೋಗದಂಗೆ ನೋಡ್ಕೋಬೇಕು, ಅವನು ಆ ಜಾಗಕ್ಕೇ ಬರದಂಗೆ ನೋಡ್ಕೋಬೇಕು. ಬಾಕ್ಸ್ ಔಟ್, ಅಂದ್ರೆ ಎದುರಾಳಿಗೆ ಬೆನ್ನು ಕೊಟ್ಟು ಅಡ್ಡ ನಿಲ್ಲೋದು, ಅದಕ್ಕೇ.

ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಸಂಜೆ ಜಗಳೂರು ಬಸ್ ಬರೋದನ್ನ ನೋಡಿದೀರಾ? ಬಸ್ ಒಳಗೆ ತಿರುಗ್ತಿದ್ದಂಗೇ ದಾಂಡಿಗರೆಲ್ಲ ಅದರ ಹಿಂದೆ ಓಡ್ತಾರೆ. ಒಬ್ಬಳು ಅಜ್ಜಿ ಇರ್ತಾಳೆ, ನಾಲ್ಕೂವರೆ ಅಡಿ, ಕಂಕುಳಲ್ಲಿ ಚೀಲ, ಅವಳು ಓಡಲ್ಲ. ಬಾಗ್ಲು ಎಲ್ಲಿ ಬಂದು ನಿಲ್ಲುತ್ತೆ ಅಂತ ಅವಳಿಗೆ ಗೊತ್ತು, ಮೊದಲೇ ಹೋಗಿ ಅಲ್ಲೇ ನಿಂತಿರ್ತಾಳೆ, ಮೊಣಕೈ ಸ್ವಲ್ಪ ಅಗಲ ಮಾಡ್ಕೊಂಡು, ಸೊಂಟ ಹಿಂದಕ್ಕೆ ಕೊಟ್ಟು. ಆರಡಿ ಹುಡುಗ ಹಿಂದಿಂದ ಎಷ್ಟು ಒತ್ತಿದ್ರೂ ಮೊದಲು ಹತ್ತೋದು ಅಜ್ಜಿನೇ. ನಮ್ ಹುಡುಗರಿಗೆ ಲೆಕ್ಕ ಅರ್ಥ ಆಗಲಿಲ್ಲ, ಅಜ್ಜಿ ಕಥೆ ಹೇಳಿದ ತಕ್ಷಣ ಅರ್ಥ ಆಯ್ತು.

ಅಜ್ಜಿ ಮಾಡೋದು ಶುದ್ಧ ಫಿಸಿಕ್ಸು. ಮನುಷ್ಯನ ಗುರುತ್ವ ಕೇಂದ್ರ ಹೆಚ್ಚುಕಮ್ಮಿ ಹೊಕ್ಕುಳ ಹತ್ರ ಇರುತ್ತೆ, 6 ಅಡಿ 4 ಇಂಚಿನವನಿಗೆ ನೆಲದಿಂದ ಒಂದು ಮೀಟರಿಗಿಂತ ಸ್ವಲ್ಪ ಮೇಲೆ. ನಮ್ಮೋನು ಮಂಡಿ ಬಗ್ಗಿಸಿ, ಕಾಲು ಭುಜಕ್ಕಿಂತ ಅಗಲ ಇಟ್ಟು ಕೂತಂಗೆ ನಿಂತ್ರೆ ಅವನ ಕೇಂದ್ರ ಅದಕ್ಕಿಂತ ಒಂದು ಗೇಣಾದ್ರೂ ಕೆಳಗೆ ಬರುತ್ತೆ. ಬುಡ ಅಗಲ, ಭಾರ ಕೆಳಗೆ, ಅಂಥದ್ದನ್ನ ಉರುಳಿಸೋದು ಕಷ್ಟ, ಬಿಂದಿಗೆನೂ ಒರಳುಕಲ್ಲೂ ಅಕ್ಕಪಕ್ಕ ಇಟ್ಟು ತಳ್ಳಿ ನೋಡಿ. ಅದಕ್ಕಿಂತ ದೊಡ್ಡ ವಿಷ್ಯ ಇನ್ನೊಂದಿದೆ, ಹಾರಬೇಕು ಅಂದ್ರೆ ಮೊದಲು ಮಂಡಿ ಬಗ್ಗಿಸಲೇಬೇಕು, ನೆಲನ ಕೆಳಗೆ ಒತ್ತಿದ್ರೆ ತಾನೇ ನೆಲ ಮೇಲಕ್ಕೆ ಎತ್ತೋದು, ನ್ಯೂಟನ್ ಮೂರನೇ ನಿಯಮ. ಅವನ ತೊಡೆ ಮೇಲೆ ನೀನು ಕೂತಂಗೆ ನಿಂತಿದ್ರೆ ಅವನು ಮಂಡಿ ಬಗ್ಗಿಸೋಕೆ ಜಾಗನೇ ಇರಲ್ಲ. ಅವನ ಆರು ಅಡಿ ನಾಲ್ಕು ಇಂಚು ಸುಮ್ನೆ ಕಂಬ. ಸಿಟ್ಟು ಬಂದು ಮೇಲಿಂದ ಒರಗಿ ಕೈ ಹಾಕಿದ್ರೆ ಫೌಲ್ ಅವನಿಗೇ. ಆದ್ರೆ ಕೈ ಹಿಂದೆ ಚಾಚಿ ಅವನನ್ನ ಹಿಡ್ಕೊಂಡ್ರೆ ಫೌಲ್ ನಮಗೆ, ಇದನ್ನ ಕಲಿಸೋಕೆ ಪಿಡಿ ಸರ್‌ಗೆ ಒಂದು ತಿಂಗಳು ಹಿಡೀತು, ಯಾಕಂದ್ರೆ ನಮ್ಮೋರೆಲ್ಲ ಹಳ್ಳಿಲಿ ಕಬಡ್ಡಿ ಆಡಿ ಬಂದೋರು, ಕೈಗೆ ಸಿಕ್ಕಿದ್ದನ್ನ ಬಿಡಲ್ಲ.

ಸರಿ, ಅಜ್ಜಿಗೆ ಬಾಗ್ಲು ಎಲ್ಲಿ ನಿಲ್ಲುತ್ತೆ ಅಂತ ಗೊತ್ತು, ಚೆಂಡು ಎಲ್ಲಿ ಬೀಳುತ್ತೆ ಅಂತ ಗೊತ್ತಾಗೋದು ಹೆಂಗೆ?

ಪೂರ್ತಿ ಗೊತ್ತಾಗಲ್ಲ, ಆದ್ರೆ ಸುಮಾರಾಗಿ ಗೊತ್ತಾಗುತ್ತೆ. ತ್ರೀ ಪಾಯಿಂಟ್ ಗೆರೆ (ಅದರ ಹೊರಗಿಂದ ಹಾಕಿದ್ರೆ ಮೂರು ಪಾಯಿಂಟ್) ಇರೋದು 6.75 ಮೀಟರ್ ದೂರದಲ್ಲಿ, ಅಲ್ಲಿಂದ ಬಿಟ್ಟ ಚೆಂಡು ಗಾಳಿಲಿ ಒಂದು ಸೆಕೆಂಡಿನಷ್ಟು ಇರುತ್ತೆ. ಆ ಒಂದು ಸೆಕೆಂಡ್ ನಮ್ ಹುಡುಗ್ರು ಚೆಂಡನ್ನ ನೋಡ್ತಾ ಕಳೀತಿದ್ರು, ನೋಡಬೇಕಿದ್ದಿದ್ದು ಚೆಂಡನ್ನಲ್ಲ, ತನ್ನ ಮನುಷ್ಯನ್ನ ಹುಡುಕಿ ಬೆನ್ನು ಕೊಡಬೇಕಿತ್ತು. ದೂರದಿಂದ ಬಂದ ಚೆಂಡು ಜೋರಾಗಿ ಬರುತ್ತೆ, ಜೋರಾಗಿ ಬಂದಿದ್ದು ದೂರ ಪುಟಿಯುತ್ತೆ, ಅದಕ್ಕೇ ತ್ರೀ ಪಾಯಿಂಟ್ ಮಿಸ್ ಆದ್ರೆ ಬಹಳ ಸಲ ರಿಂಗ್ ಕೆಳಗೆ ಬೀಳೋದೇ ಇಲ್ಲ, ಕೆಲವು ಸಲ ಫ್ರೀ ಥ್ರೋ ಗೆರೆ (ಫೌಲ್ ಆದಾಗ ನಿಂತು ಶಾಟ್ ಹಾಕೋ ಗೆರೆ) ಹತ್ರನೂ ಬಂದು ಬೀಳುತ್ತೆ, ಅಲ್ಲಿ ಉದ್ದ ಇರೋರು ಯಾರೂ ಇರಲ್ಲ. ಮೂಲೆಯಿಂದ ಹಾಕಿದ ಶಾಟ್ ಮಿಸ್ ಆದ್ರೆ ಬಹುಪಾಲು ಎದುರು ಬದಿಗೇ ಹೋಗುತ್ತೆ ಅಂತ ಕೋಚ್‌ಗಳು ಹೇಳ್ತಾರೆ. ಚಪ್ಪಟೆಯಾಗಿ ಬಂದ ಶಾಟ್ ಅಂತೂ ಮಿಸ್ ಆಗೋ ಸಾಧ್ಯತೆನೇ ಜಾಸ್ತಿ. ರಿಂಗಿನ ಅಗಲ 45 ಸೆಂಟಿಮೀಟರ್ ಹೌದು, ಆದ್ರೆ 30 ಡಿಗ್ರಿ ಕೋನದಲ್ಲಿ ಬರೋ ಚೆಂಡಿಗೆ ಅದು ಕಾಣೋದು ಬರೀ 22.5, ಚೆಂಡೇ 24 ಸೆಂಟಿಮೀಟರ್ ದಪ್ಪ ಇರುವಾಗ ಕಬ್ಬಿಣಕ್ಕೆ ತಾಗದೆ ಒಳಗೆ ಹೋಗೋದಾದ್ರೂ ಹೆಂಗೆ? ಎದುರಿನವನು ಚಪ್ಪಟೆ ಶಾಟ್ ಹಾಕೋನು ಅಂತ ಗೊತ್ತಾದ್ರೆ ಅವನ ಕೈಯಿಂದ ಚೆಂಡು ಹೊರಡೋ ಮುಂಚೆನೇ ಜಾಗ ಹಿಡೀಬಹುದು.

ನಮ್ಮೂರ ಕೋರ್ಟಿಗೆ ಇನ್ನೊಂದು ವಿಶೇಷ ಇದೆ. ಕಾಂಕ್ರೀಟ್ ನೆಲ, ಮೇಲೆ ಸೂರಿಲ್ಲ, ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕಾಲಿಟ್ರೆ ಶೂ ಒಳಗೆ ದೋಸೆ ಹುಯ್ಯಬಹುದು. ಬೆಳಿಗ್ಗೆ 25 ಡಿಗ್ರಿ ಇದ್ದಾಗ ಪಂಪ್ ಹೊಡೆದು 8 ಪಿಎಸ್ಐ ಗಾಳಿ ತುಂಬಿದ ಚೆಂಡು ಬಿಸಿಲಲ್ಲಿ ಬಿದ್ದು 45 ಡಿಗ್ರಿಗೆ ಕಾದ್ರೆ ಒಳಗಿನ ಗಾಳಿ ಒತ್ತಡ ಸುಮಾರು ಒಂಬತ್ತೂವರೆ ಆಗುತ್ತೆ. ಚೆಂಡು ಕಲ್ಲು. ಅದರ ಜೊತೆ ರಿಂಗು. ಒಳ್ಳೆ ರಿಂಗ್ ಚೆಂಡಿನ ಏಟಿನ ಶಕ್ತಿಲಿ 35ರಿಂದ 50 ಪರ್ಸೆಂಟ್ ತಾನೇ ನುಂಗಬೇಕು ಅಂತ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ನಿಯಮ, ನಮ್ಮಲ್ಲಿರೋದು ವೆಲ್ಡಿಂಗ್ ಶಾಪಲ್ಲಿ ಮಾಡಿಸಿ ಕಂಬಕ್ಕೆ ಬೆಸುಗೆ ಹಾಕಿದ್ದು, ಅದು ಏನೂ ನುಂಗಲ್ಲ, ಕೊಟ್ಟಿದ್ದನ್ನ ಹಂಗೇ ವಾಪಸ್ ಕೊಡುತ್ತೆ. ಹಂಗಾಗಿ ನಮ್ ಕೋರ್ಟಲ್ಲಿ ಮಧ್ಯಾಹ್ನದ ರಿಬೌಂಡ್, ಅಂದ್ರೆ ಮಿಸ್ ಆಗಿ ಪುಟಿದ ಚೆಂಡು, ಬೆಳಗಿನದಕ್ಕಿಂತ ದೂರ ಹಾರುತ್ತೆ. ಹುಡುಗ್ರು ಇದನ್ನ ಮೊದಲೇ ಕಂಡ್ಕೊಂಡಿದ್ರು, ಕಾರಣ ಗೊತ್ತಿರಲಿಲ್ಲ ಅಷ್ಟೇ. ಹೊರಗಿಂದ ಬಂದ ಟೀಮಿಗೆ ಅದೂ ಗೊತ್ತಿರಲ್ಲ, ರಿಂಗ್ ಕೆಳಗೇ ಕಾಯ್ತಾ ನಿಂತಿರ್ತಾರೆ, ಪಾಪ.

ಡೆನ್ನಿಸ್ ರಾಡ್ಮನ್ ಹೆಸರು ಕೇಳಿರ್ತೀರ, ತಲೆಕೂದಲಿಗೆ ದಿನಕ್ಕೊಂದು ಬಣ್ಣ ಹಾಕ್ತಿದ್ದ ಆಸಾಮಿ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯಲ್ಲಿ 1991–92ರಿಂದ 1997–98ರ ತನಕ ಸತತ ಏಳು ಸೀಸನ್ ರಿಬೌಂಡ್ ಹಿಡಿಯೋದರಲ್ಲಿ ಅವನೇ ಫಸ್ಟು, ಮೊದಲ ವರ್ಷ ಅಂತೂ ಮ್ಯಾಚಿಗೆ ಸರಾಸರಿ 18.7. ಎತ್ತರ 6 ಅಡಿ 7 ಇಂಚು. ನಮಗೆ ಅದು ತೆಂಗಿನಮರ, ಆದ್ರೆ ಏಳಡಿಯವರು ಓಡಾಡೋ ಆ ಜಾಗದಲ್ಲಿ ಅವನು ಗಿಡ್ಡ. ತನ್ನ ಟೀಮಿನವರು ಪ್ರಾಕ್ಟೀಸ್ ಮಾಡುವಾಗ ಅವನು ಪಕ್ಕದಲ್ಲಿ ನಿಂತು ಒಬ್ಬೊಬ್ಬರ ಚೆಂಡು ಗಾಳಿಲಿ ಹೆಂಗೆ ತಿರುಗುತ್ತೆ, ತಾಗಿದ ಮೇಲೆ ಯಾವ ಕಡೆ ಹೋಗುತ್ತೆ ಅಂತ ನೋಡ್ತಾ ಇರ್ತಿದ್ದನಂತೆ. ಅವನಿಗಿಂತ ಮುಂಚೆ 1986–87ರಲ್ಲಿ ಚಾರ್ಲ್ಸ್ ಬಾರ್ಕ್ಲಿ, ಕಾಗದದ ಮೇಲೆ 6 ಅಡಿ 6 ಇಂಚು, ನಿಜವಾಗಿ ಅದಕ್ಕೂ ಕಮ್ಮಿ, ಮ್ಯಾಚಿಗೆ 14.6 ರಿಬೌಂಡ್ ಹಿಡಿದು ಲೀಗಿಗೇ ಮೊದಲಿಗನಾದ. ಅವನ ಆಯುಧ ರೆಕ್ಕೆಯಂಥ ಕೈ ಅಲ್ಲ, ಸೊಂಟ. ನಮ್ಮ ಅಜ್ಜಿ ತರಾನೇ.

ಹಾರೋದರ ಬಗ್ಗೆನೂ ಒಂದು ಮಾತು. 50 ಸೆಂಟಿಮೀಟರ್ ಹಾರಿದೋನು ಗಾಳಿಲಿ ಇರೋದು ಒಟ್ಟು 0.64 ಸೆಕೆಂಡ್, ಅದರಲ್ಲಿ ಅರ್ಧ ಹೊತ್ತು ಮೇಲಿನ ಕಾಲು ಭಾಗದಲ್ಲೇ, ಅಂದ್ರೆ ಕೊನೇ 12.5 ಸೆಂಟಿಮೀಟರಲ್ಲೇ ಕಳೆದುಹೋಗುತ್ತೆ, ಮೇಲೆ ನಿಂತಂಗೆ ಕಾಣೋದು ಅದಕ್ಕೇ. ಸಿಗೋ ಕಿಟಕಿ 0.3 ಸೆಕೆಂಡ್. ನಮ್ಮೋರು ಆತುರಕ್ಕೆ ಬಿದ್ದು ಬೇಗ ಹಾರಿ, ಚೆಂಡು ಬರೋ ಹೊತ್ತಿಗೆ ಇಳೀತಾ ಇರ್ತಿದ್ರು. ಕುಳ್ಳಗಿರೋನು ತಡವಾಗಿ ಹಾರಿದ್ರೂ ಪರವಾಗಿಲ್ಲ, ಬೇಗ ಹಾರಬಾರದು, ಇದು ನನ್ನ ಅಭಿಪ್ರಾಯ, ಪಿಡಿ ಸರ್ ಒಪ್ಪಲ್ಲ.

ಈ ವರ್ಷದ ಕೊನೇ ಮ್ಯಾಚಲ್ಲಿ ಅದೇ ಹಳೇ ಟೀಮು ಎದುರಾಯ್ತು. ನಮ್ ಸೆಂಟರ್ ನಲವತ್ತು ನಿಮಿಷನೂ ಅವರ ಉದ್ದನೆ ಹುಡುಗನ ತೊಡೆಗೆ ಅಂಟ್ಕೊಂಡಿದ್ದ. ಬಹಳ ಸಲ ಇಬ್ಬರಿಗೂ ಚೆಂಡು ಸಿಗಲಿಲ್ಲ, ನೆಲಕ್ಕೆ ಬಿತ್ತು, ನಮ್ಮ 5 ಅಡಿ 5 ಇಂಚಿನ ಗಾರ್ಡ್ ಓಡಿ ಬಂದು ಎತ್ಕೊಂಡು ಹೋದ. ನಾಲ್ಕು ಪಾಯಿಂಟಲ್ಲಿ ಸೋತ್ವಿ, ಅದು ಬೇರೆ ವಿಷ್ಯ, ಫ್ರೀ ಥ್ರೋ ಹಾಕೋಕೆ ಬರಲ್ಲ ನಮ್ಮೋರಿಗೆ. ಆಮೇಲೆ ಮಿರ್ಚಿ ಮಂಡಕ್ಕಿ ತಿನ್ನುವಾಗ ಸೆಂಟರ್ ಕೇಳಿದ, "ಸರ್, ಇವತ್ತು ನನ್ ಹೆಸರಲ್ಲಿ ಎಷ್ಟು ರಿಬೌಂಡ್ ಬರೆದಿದಾರೆ?" ಸ್ಕೋರ್‌ಶೀಟ್ ನನ್ನ ಕೈಲೇ ಇತ್ತು.

"ಎರಡು ಕಣೋ."

"ಆ ಉದ್ದನೆಯವನಿಗೆ?"

"ಮೂರು."

ಅವನು ಇನ್ನೊಂದು ಮಿರ್ಚಿ ತಗೊಂಡ.