ನಿಂಫ್ ಅಂದರೆ ಅಪ್ಸರೆ ಅಲ್ಲ

ಗ್ರೀಕ್ ಕಥೆ ಹೇಳುವಾಗ 'ನಿಂಫ್' ಬಂದ ಕೂಡಲೇ ನಾವು 'ಅಪ್ಸರೆ' ಅಂತ ಬರೆದು ಮುಂದೆ ಹೋಗಿಬಿಡುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಅಪ್ಸರೆ ಇಂದ್ರನ ಸಭೆಯವಳು, ಕಳಿಸಿದ ಕಡೆ ಹೋಗುವವಳು. ನಿಂಫ್‌ಗೆ ತನ್ನದೇ ಜಾಗ ಇದೆ: ಒಂದು ಒರತೆ, ಒಂದು ಮರ, ಇಲ್ಲವೇ ಗುಡ್ಡದ ಒಂದು ಗವಿ. ದೇವತೆಯೇ, ಆದರೆ ಹಳೆಯ ಸ್ತುತಿಯೊಂದರ ಪ್ರಕಾರ ಮರ ಒಣಗಿದರೆ ಅದರ ನಿಂಫ್ ಕೂಡ ಸಾಯುತ್ತಾಳೆ.

ಗ್ರೀಕರ 'ನಿಂಫೆ' ಪದಕ್ಕೆ ಮದುಮಗಳು ಅಂತಲೂ ಅರ್ಥ. ಅಥೆನ್ಸ್‌ನಲ್ಲಿ ಮದುವೆಗೆ ಮುಂಚೆ ಒರತೆ ನೀರು ತಂದು ಹುಡುಗಿಗೆ ಸ್ನಾನ ಮಾಡಿಸುತ್ತಿದ್ದರು. ಆ ನೀರಿನ ಉದ್ದ ಕತ್ತಿನ ಹೂಜಿಗಳು ಅಕ್ರೊಪೊಲಿಸ್ ಗುಡ್ಡದ ದಕ್ಷಿಣಕ್ಕಿದ್ದ ನಿಂಫೆಯ ಗುಡಿಯಲ್ಲಿ ರಾಶಿ ರಾಶಿ ಸಿಕ್ಕಿವೆ.

ನನಗೆ ಜಾಸ್ತಿ ಇಷ್ಟವಾದದ್ದು ಅಥೆನ್ಸ್ ಹತ್ತಿರದ ವಾರಿ ಗವಿ. ಕ್ರಿ.ಪೂ. 400ರ ಆಸುಪಾಸಿನಲ್ಲಿ ಥೇರಾ ದ್ವೀಪದ ಆರ್ಖೆಡಮೋಸ್ ಅನ್ನುವವನು ಆ ಗವಿಯನ್ನು ಕೆತ್ತಿ ಸಿಂಗರಿಸಿದ, ನಿಂಫ್‌ಗಳಿಗೆ ಅಂತ ತೋಟವನ್ನೂ ಮಾಡಿದ. ಕಲ್ಲು ಕೆಲಸದ ಹತಾರ ಹಿಡಿದ ತನ್ನ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾನೆ, ಅಷ್ಟೇನೂ ನಾಜೂಕಿನ ಕೆಲಸವಲ್ಲ, ಆದರೆ ಪಕ್ಕದಲ್ಲಿ ಹೆಸರಿದೆ. ಇದನ್ನೆಲ್ಲ ನಿಂಫ್‌ಗಳು ಹೇಳಿದಂತೆ ಮಾಡಿದೆ, ತಾನು 'ನಿಂಫೊಲೆಪ್ಟೋಸ್' ಅಂತ ಅಲ್ಲೇ ಬರೆದಿದ್ದಾನೆ. ಅಂದರೆ ನಿಂಫ್ ಹಿಡಿದವನು; ನಮ್ಮಲ್ಲಿ ಮೈಮೇಲೆ ಬರುವುದು ಅಂತಾರಲ್ವಾ, ಹೆಚ್ಚುಕಡಿಮೆ ಹಾಗೆ. ಇಷ್ಟೆಲ್ಲ ಭಕ್ತಿಯ ನಡುವೆ ಇನ್ನೊಂದು ಬರಹ ಇದೆ, ಬಲಿ ಕೊಟ್ಟ ಪ್ರಾಣಿಯ ಕರುಳನ್ನು ಹೊರಗೆ ತೊಳೆಯಿರಿ, ಸಗಣಿ ಎತ್ತಿ ಹಾಕಿ ಅಂತ. ಗವಿ ಕಸಗುಂಡಿ ಆಗುತ್ತಿತ್ತು ಅಂತ ಕಾಣುತ್ತೆ!

ಪ್ಲೇಟೋನ 'ಫೈಡ್ರಸ್' ಸಂವಾದದಲ್ಲಿ ಇಲಿಸ್ಸೋಸ್ ಹೊಳೆ ದಡದಲ್ಲಿ ಕೂತ ಸಾಕ್ರಟೀಸ್ ಕೂಡ, ಮಾತಾಡ್ತಾ ನನಗೆ ನಿಂಫ್ ಹಿಡಿದರೆ ಆಶ್ಚರ್ಯಪಡಬೇಡ ಅನ್ನುತ್ತಾನೆ.

ಆಮೇಲೆ ರೋಮನ್ ಕವಿಗಳ ಕೈಯಲ್ಲಿ ಇವಳು ದೇವರುಗಳು ಅಟ್ಟಿಸಿಕೊಂಡು ಬರುವ ಹುಡುಗಿಯಾದಳು, ಯುರೋಪಿನ ಚಿತ್ರಕಾರರ ಕೈಯಲ್ಲಿ ಬೆತ್ತಲೆಯಾಗಿ ಮೀಯುವವಳು. 18ನೇ ಶತಮಾನದ ವೈದ್ಯರು ಹೆಂಗಸರ 'ಅತಿಯಾದ' ಕಾಮಕ್ಕೆ ನಿಂಫೊಮೇನಿಯ ಅಂತ ರೋಗದ ಹೆಸರು ಕೊಟ್ಟರು. ಹಿಂದೆ ನಿಂಫ್ ಹಿಡಿಯುತ್ತಿದ್ದದ್ದು ಗಂಡಸನ್ನು, ಅದಕ್ಕವನು ತೋಟ ಮಾಡಿದ. ಈಗ ಹುಚ್ಚು ಅನ್ನಿಸಿಕೊಂಡವಳು ಹೆಂಗಸು. ನನಗಂತೂ ಇದು ಸಿಟ್ಟು ತರಿಸುತ್ತೆ.

ಗ್ರೀಸಿನ ಹಳ್ಳಿಗಳಲ್ಲಿ ಮಾತ್ರ ಬೇರೆ. ಕಡಲಿನ ನಿಂಫ್‌ಗಳಾದ ನೆರೆಯಿಡ್‌ಗಳ ಹೆಸರು ಅಲ್ಲಿನ ಜನಪದ ಕಥೆಗಳಲ್ಲಿ 'ನೆರಾಯ್ದಾ' ಆಗಿ, ಬಾವಿ, ಹಳ್ಳಗಳ ಹತ್ತಿರ ಕಾಣಿಸಿಕೊಳ್ಳುವ ಮೋಹಿನಿಯಾಗಿ ಉಳಿಯಿತು. 'ನಿಂಫೆ' ಸವೆದು 'ನೀಫಿ' ಆಗಿದೆ. ಅಲ್ಲಿ ಮದುಮಗಳನ್ನೂ ಹಾಗೇ ಕರೆಯುತ್ತಾರೆ, ಮನೆಗೆ ಬಂದ ಸೊಸೆಯನ್ನೂ.